ಅಮ್ಮನ ಲ್ಯಾಬ್ ರಿಪೋರ್ಟ್ ಸೋರಿದರೆ ಕಂಪನಿ ಮುಳುಗುವಷ್ಟು ದಂಡ ಹಾಕಬೇಕಾ?

ಪ್ರಶ್ನೆ: ನಮ್ಮ ಮನೆ ಉಡುಪಿ ಹತ್ತಿರ. ಕಳೆದ ಮಳೆಗಾಲದಲ್ಲಿ ಅಮ್ಮನಿಗೆ ಒಂದು ಲ್ಯಾಬ್‌ನಲ್ಲಿ ರಕ್ತ ಪರೀಕ್ಷೆ ಮಾಡಿಸಿದೆವು. ಹತ್ತು ದಿನ ಕಳೆಯುವುದರೊಳಗೆ ಫೋನ್ ಶುರುವಾಯಿತು. "ಅಮ್ಮಾ, ನಿಮ್ಮ ಮೂರು ತಿಂಗಳ ಶುಗರ್ 9.2 ಬಂದಿದೆ ಅಲ್ವಾ, ನಮ್ಮಲ್ಲಿ ಒಳ್ಳೆ ಔಷಧಿ ಉಂಟು" ಎಂದು ಯಾರೋ ಹೇಳುತ್ತಾರೆ. ಆ ಶುಗರ್ ಲೆಕ್ಕ ನಮಗೆ, ಡಾಕ್ಟರಿಗೆ, ಲ್ಯಾಬಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಲ್ಯಾಬ್‌ನಲ್ಲಿ ಕೇಳಿದರೆ "ನಮ್ಮಿಂದ ಹೋಗಿಲ್ಲ" ಎನ್ನುತ್ತಾರೆ. ಈಗ ಅಮ್ಮ ಟೆಸ್ಟ್‌ಗೆ ಬರಲು ಒಪ್ಪುತ್ತಿಲ್ಲ. ಇಂಥ ಕಂಪನಿಗಳಿಗೆ ಮತ್ತೆ ತಲೆ ಎತ್ತಲು ಆಗದಷ್ಟು ದಂಡ ಹಾಕಬೇಕು ಅಂತ ನಾನು. "ಹಾಗೆ ಮಾಡಿದರೆ ಅಲ್ಲಿ ಕೆಲಸ ಮಾಡುವ ಹುಡುಗಿಯರು ಬೀದಿಗೆ ಬೀಳ್ತಾರೆ, ದೊಡ್ಡವರಿಗೆ ಏನೂ ಆಗಲ್ಲ" ಅಂತ ತಮ್ಮ. ಯಾರ ಮಾತು ಸರಿ? ಕಾನೂನಿನಲ್ಲಿ ಈಗ ಏನಿದೆ?

ಉತ್ತರ: "ಅಮ್ಮ ಟೆಸ್ಟ್‌ಗೆ ಬರಲು ಒಪ್ಪುತ್ತಿಲ್ಲ" ಎಂದು ಬರೆದಿದ್ದೀರಲ್ಲ, ಆ ಸಾಲನ್ನು ಎರಡು ಸಲ ಓದಿದೆ. ಮಾಹಿತಿ ಸೋರಿದರೆ ಏನು ನಷ್ಟ ಎಂದು ಕೇಳುವವರಿಗೆಲ್ಲ ಇದನ್ನೇ ತೋರಿಸಬೇಕು. ಬ್ಯಾಂಕಿನಿಂದ ದುಡ್ಡು ಹೋಗಿಲ್ಲ, ಯಾರೂ ಮೈ ಮುಟ್ಟಿಲ್ಲ. ಆದರೂ ಶುಗರ್ ಇರುವ ಒಬ್ಬ ಹೆಂಗಸು ರಕ್ತ ಕೊಡಲು ಹೆದರುತ್ತಿದ್ದಾರೆ. ಈ ನಷ್ಟ ಯಾವ ಲೆಕ್ಕದ ಪುಸ್ತಕದಲ್ಲೂ ಬರುವುದಿಲ್ಲ.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಹೇಳಿಬಿಡುತ್ತೇನೆ. ಕಂಪನಿಯನ್ನು ಮುಳುಗಿಸುವಂಥ ದಂಡ ಕಾನೂನಿನಲ್ಲಿ ಇರಲೇಬೇಕು. ಜನರ ಮಾಹಿತಿಯನ್ನು ಗೊತ್ತಿದ್ದೇ ಮಾರಿದವರಿಗೆ, ಸೋರಿದ್ದನ್ನು ಮುಚ್ಚಿಟ್ಟವರಿಗೆ ಅದು ಬೀಳಬೇಕು. ತಪ್ಪು ಆಯಿತು ಎಂದು ಅವತ್ತೇ ಬಾಯಿಬಿಟ್ಟು ಹೇಳಿ, ಸರಿ ಮಾಡಲು ಓಡಾಡಿದವರ ಮೇಲೆ ಅದೇ ಕೊಡಲಿ ಬೀಸಬಾರದು. ಯಾಕೆ ಅಂತ ಹೇಳುತ್ತೇನೆ.

ನಾನು ಬೆಳೆದದ್ದು ಮಂಗಳೂರಿನ ಕಾವೂರಿನಲ್ಲಿ. ಅಮ್ಮ ಬೀಡಿ ಕಟ್ಟುತ್ತಿದ್ದರು. ಅದರಲ್ಲಿ ಉಳಿದ ಚಿಲ್ಲರೆಯನ್ನು ದಿನಾ ಸಂಜೆ ಪಿಗ್ಮಿಗೆ ಹಾಕುತ್ತಿದ್ದರು. ಪಿಗ್ಮಿ ಹುಟ್ಟಿದ್ದೇ ನಿಮ್ಮ ಉಡುಪಿಯಲ್ಲಿ, 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯಿಂದ. ನಮ್ಮ ಮನೆಗೆ ಬರುತ್ತಿದ್ದ ಪಿಗ್ಮಿಯವರು ಚಪ್ಪಲಿಯನ್ನು ಹೊರಗೆ ಬಿಟ್ಟು ಜಗಲಿಯ ತುದಿಯಲ್ಲಿ ಕೂರುತ್ತಿದ್ದರು. ಕಂಕುಳಲ್ಲಿ ರೆಕ್ಸಿನ್ ಬ್ಯಾಗ್, ಕಿವಿಯ ಹಿಂದೆ ಪೆನ್ನು. ಅಮ್ಮ ಎಷ್ಟು ಕೂಡಿಟ್ಟಿದ್ದಾರೆ ಎಂದು ಅಪ್ಪನಿಗೆ ಗೊತ್ತಿರಲಿಲ್ಲ, ಅವರಿಗೆ ಗೊತ್ತಿತ್ತು. ಓಣಿಯ ಅಷ್ಟೂ ಮನೆಯ ಗುಟ್ಟು ಆ ಬ್ಯಾಗಿನಲ್ಲಿತ್ತು. ಒಂದು ದಿನವೂ ಒಂದು ಮಾತು ಹೊರಗೆ ಬರಲಿಲ್ಲ.

ಅವರು ಒಳ್ಳೆಯವರಾಗಿದ್ದರು, ಅದು ನಿಜ. ಜೊತೆಗೆ ಇನ್ನೊಂದು ಮಾತೂ ಇತ್ತು. ಒಂದು ಮನೆಯ ವಿಷಯ ಬಾಯಿಬಿಟ್ಟಿದ್ದರೆ ಮರುದಿನ ಇಡೀ ಓಣಿ ಬಾಗಿಲು ಹಾಕುತ್ತಿತ್ತು. ಒಂದು ಮಾತಿಗೆ ಇಡೀ ಜೀವನೋಪಾಯ ಹೋಗುತ್ತಿತ್ತು. ಅಂದರೆ ಮುಳುಗಿಸುವಂಥ ದಂಡ ನಮಗೆ ಹೊಸದಲ್ಲ. ಯಾವ ಕಾಯ್ದೆಯೂ ಇಲ್ಲದೆ ಅದು ನಡೆಯುತ್ತಿತ್ತು, ಯಾಕೆಂದರೆ ಮಾತು ಯಾರ ಬಾಯಿಂದ ಹೋಯಿತು ಅಂತ ಎಲ್ಲರಿಗೂ ತಿಳಿಯುತ್ತಿತ್ತು.

ಈಗ ಅದೇ ತಿಳಿಯುವುದಿಲ್ಲ. ನಿಮ್ಮ ಅಮ್ಮನ ರಿಪೋರ್ಟ್ ಹೋದ ದಾರಿಯನ್ನೇ ನೋಡಿ. ರಕ್ತ ತೆಗೆದದ್ದು ಊರಿನ ಲ್ಯಾಬ್. ಕೆಲವು ಪರೀಕ್ಷೆಗೆ ರಕ್ತವನ್ನು ಬೇರೆ ಊರಿನ ದೊಡ್ಡ ಲ್ಯಾಬಿಗೆ ಕಳುಹಿಸಿರಬಹುದು. ರಿಪೋರ್ಟ್ ತಯಾರಾಗುವುದು ಯಾವುದೋ ಸಾಫ್ಟ್‌ವೇರ್ ಕಂಪನಿಯ ಸರ್ವರ್‌ನಲ್ಲಿ. ವಾಟ್ಸಾಪಿಗೆ ಕಳುಹಿಸುವುದು ಇನ್ನೊಂದು ಕಂಪನಿ. ನಾಲ್ಕು ಕೈ ದಾಟಿದೆ. ನಾಲ್ವರೂ "ನಮ್ಮಿಂದ ಹೋಗಿಲ್ಲ" ಎಂದರೆ ನೀವು ಯಾರ ಕೊರಳಪಟ್ಟಿ ಹಿಡಿಯುತ್ತೀರಿ? ಓಣಿಯ ಜನ ಕೊಡುತ್ತಿದ್ದ ಶಿಕ್ಷೆಯನ್ನು ಈಗ ಕಾನೂನೇ ಕೊಡಬೇಕು. ಸಿಕ್ಕಿಬೀಳುವುದು ಅಪರೂಪವಾದಷ್ಟೂ ಸಿಕ್ಕಿಬಿದ್ದಾಗ ಪೆಟ್ಟು ಜೋರಾಗಿರಬೇಕು. ಹತ್ತು ಸಲ ಮಾರಿ ಒಂದು ಸಲ ಸಿಕ್ಕಿಬೀಳುವವನಿಗೆ ಆ ಒಂದು ಸಲದ ಲಾಭದಷ್ಟೇ ದಂಡ ಹಾಕಿದರೆ, ಉಳಿದ ಒಂಬತ್ತು ಸಲದ್ದು ಅವನ ಸಂಪಾದನೆಯೇ ಆಯಿತು.

ಇದು ಬರೀ ನನ್ನ ಊಹೆಯಲ್ಲ. 2019ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಫೇಸ್‌ಬುಕ್‌ಗೆ 500 ಕೋಟಿ ಡಾಲರ್ ದಂಡ ಹಾಕಿತು. ಕೇಳಿದರೆ ತಲೆ ತಿರುಗುವ ಮೊತ್ತ. ಆದರೆ ಅದರ ಹಿಂದಿನ ವರ್ಷ ಆ ಕಂಪನಿಯ ಆದಾಯ ಸುಮಾರು 5,580 ಕೋಟಿ ಡಾಲರ್. ಒಂದು ತಿಂಗಳ ವ್ಯಾಪಾರ ಕೊಟ್ಟು ಎದ್ದು ಬಂದಂತಾಯಿತು. ದಂಡದ ಸುದ್ದಿ ಹೊರಬಿದ್ದ ದಿನ ಅದರ ಷೇರು ಬೆಲೆ ಏರಿತು. ಇನ್ನೂ ಜಾಸ್ತಿ ಬೀಳುತ್ತದೆ ಎಂದು ಹೆದರಿದ್ದವರು ಇಷ್ಟೇನಾ ಎಂದು ಉಸಿರು ಬಿಟ್ಟರು. ನಿಮ್ಮ ತಮ್ಮ "ದೊಡ್ಡವರಿಗೆ ಏನೂ ಆಗಲ್ಲ" ಎನ್ನುವುದು ಇದನ್ನೇ, ಅದರಲ್ಲಿ ಎರಡು ಮಾತಿಲ್ಲ.

ಈಗ ನಮ್ಮ ಕಾನೂನಿಗೆ ಬರೋಣ. ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆರು ವರ್ಷದ ನಂತರ, 2023ರ ಆಗಸ್ಟ್‌ನಲ್ಲಿ, ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಮಾಹಿತಿಗೆ ಸರಿಯಾದ ಕಾವಲು ಇಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ. ಸೋರಿದ್ದನ್ನು ತಿಳಿಸದಿದ್ದರೆ 200 ಕೋಟಿವರೆಗೆ. 2025ರ ನವೆಂಬರ್‌ನಲ್ಲಿ ನಿಯಮಗಳೂ ಪ್ರಕಟವಾದವು. ಆದರೆ ಆಗಿನ ಅಧಿಸೂಚನೆಯ ಪ್ರಕಾರ ಮುಖ್ಯ ಕಲಂಗಳು ಜಾರಿಗೆ ಬರಲು 18 ತಿಂಗಳ ಗಡುವು ಉಂಟು. ಅಂದರೆ 2027ರ ಮೇ ತಿಂಗಳು.

250 ಕೋಟಿ ಎಂದರೆ ಭಾರೀ ಅನಿಸುತ್ತದೆ ಅಲ್ವಾ? ಯಾರಿಗೆ ಭಾರೀ ಅಂತ ನೋಡಬೇಕು. ವರ್ಷಕ್ಕೆ 50,000 ಕೋಟಿ ವ್ಯಾಪಾರ ಮಾಡುವ ಕಂಪನಿ ಒಂದಿದೆ ಎಂದಿಟ್ಟುಕೊಳ್ಳಿ. ಅದಕ್ಕೆ 250 ಕೋಟಿ ಎಂದರೆ ಎರಡು ದಿನದ ವ್ಯಾಪಾರ. ನಿಮ್ಮೂರಿನ ಲ್ಯಾಬ್ ವರ್ಷಕ್ಕೆ ಒಂದು ಕೋಟಿ ಮಾಡಬಹುದು. ಅದಕ್ಕೆ ಒಂದು ಕೋಟಿ ದಂಡ ಹಾಕಿದರೂ ಮಾಲೀಕರು ಮನೆ ಮಾರಬೇಕು. ರೂಪಾಯಿಯಲ್ಲಿ ಮೇಲ್ಮಿತಿ ಇಟ್ಟರೆ ಹೀಗೇ ಆಗುವುದು. ಸಣ್ಣವರ ತಲೆ ಮೇಲೆ ಕತ್ತಿ ನೇತಾಡುತ್ತದೆ, ದೊಡ್ಡವರು ಅದನ್ನು ವಾರ್ಷಿಕ ಖರ್ಚಿನ ಪಟ್ಟಿಗೆ ಸೇರಿಸುತ್ತಾರೆ. ದಂಡ ಹಾಕುವಾಗ ತಪ್ಪಿನ ಗಾತ್ರ, ಎಷ್ಟು ಸಲ ಮಾಡಿದ್ದಾರೆ, ಅದರಿಂದ ಎಷ್ಟು ಲಾಭ ಮಾಡಿಕೊಂಡರು ಎಲ್ಲವನ್ನೂ ನೋಡಬೇಕು ಎಂದು ನಮ್ಮ ಕಾಯ್ದೆ ಹೇಳುತ್ತದೆ, ಹಾಗಾಗಿ ಸಣ್ಣ ಲ್ಯಾಬಿಗೆ ಸುಮ್ನೆ 250 ಕೋಟಿ ಬೀಳುವುದಿಲ್ಲ. ಆದರೆ ದೊಡ್ಡವರಿಗೆ 250 ಕೋಟಿಗಿಂತ ಜಾಸ್ತಿ ಹಾಕಲು, ಈ ಕಾಯ್ದೆಯಡಿ ದಂಡ ಹಾಕುವ ದತ್ತಾಂಶ ಸಂರಕ್ಷಣಾ ಮಂಡಳಿಗೆ ಬಯಕೆ ಇದ್ದರೂ ದಾರಿ ಇಲ್ಲ.

ಯುರೋಪಿನವರು ಇದನ್ನು ಬೇರೆ ರೀತಿ ಮಾಡಿದ್ದಾರೆ. 2018ರಿಂದ ಜಾರಿಯಲ್ಲಿರುವ ಅವರ ಮಾಹಿತಿ ರಕ್ಷಣೆಯ ಜಿಡಿಪಿಆರ್ ಕಾನೂನಿನಲ್ಲಿ ದಂಡ 2 ಕೋಟಿ ಯೂರೋ ಅಥವಾ ಇಡೀ ಜಗತ್ತಿನ ವಾರ್ಷಿಕ ವ್ಯಾಪಾರದ ಶೇ. 4, ಯಾವುದು ಜಾಸ್ತಿಯೋ ಅಲ್ಲಿಯವರೆಗೆ ಹೋಗಬಹುದು. 2023ರಲ್ಲಿ ಫೇಸ್‌ಬುಕ್‌ನ ಒಡೆಯ ಮೆಟಾ ಕಂಪನಿಗೆ 120 ಕೋಟಿ ಯೂರೋ ಬಿದ್ದದ್ದು ಹೀಗೆ. ನಮ್ಮಲ್ಲೂ 2019ರ ಮಸೂದೆಯಲ್ಲಿ ಇದೇ ಶೇ. 4ರ ಮಾತಿತ್ತು. 2022ರ ಕರಡಿಗೆ ಬರುವಾಗ ಅದು ಹೋಗಿ 500 ಕೋಟಿಯ ಮಿತಿ ಬಂತು. ಕಾಯ್ದೆಯಾಗುವಾಗ 250 ಕೋಟಿಗೆ ಇಳಿಯಿತು. ಶೇಕಡಾ ಲೆಕ್ಕ ವಾಪಸ್ ಬರಬೇಕು ಎಂದು ನಾನು ಪಟ್ಟು ಹಿಡಿದು ಹೇಳುತ್ತೇನೆ.

ಹಾಗಾದರೆ ಮಾಹಿತಿ ಸೋರಲು ಬಿಟ್ಟವರಿಗೆಲ್ಲ ಶೇ. 4 ಬಾರಿಸಿದರೆ ಆಯಿತಲ್ಲ ಎನ್ನಬಹುದು. ಇಲ್ಲೇ ನಾನು ಒಂದು ಹೆಜ್ಜೆ ನಿಲ್ಲುತ್ತೇನೆ. ಕಾರಣ ಒಂದು ರಾತ್ರಿ ಬಂದ ಫೋನ್.

ಕೆಲವು ವರ್ಷದ ಹಿಂದಿನ ಮಾತು. ಜುಲೈ ತಿಂಗಳು, ಹೊರಗೆ ಧೋ ಎಂದು ಮಳೆ. ಸಾಲ ಕೊಡುವ ಒಂದು ಸಣ್ಣ ಸಂಸ್ಥೆಯ ಮ್ಯಾನೇಜರ್ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರು. ಊರು, ಹೆಸರು ನಾನು ಹೇಳುವಂತಿಲ್ಲ. ಅವರ ಕಂಪ್ಯೂಟರ್‌ಗೆ ಯಾರೋ ನುಗ್ಗಿದ್ದರು. ಗ್ರಾಹಕರ ಪಟ್ಟಿ, ಆಧಾರ್ ನಂಬರ್, ಯಾರು ಎಷ್ಟು ಪವನ್ ಚಿನ್ನ ಅಡವಿಟ್ಟಿದ್ದಾರೆ ಎಂಬ ಲೆಕ್ಕ, ಎಲ್ಲ ಹೋಗಿತ್ತು. ಮ್ಯಾನೇಜರ್ ಕೇಳಿದ ಮೊದಲ ಮಾತು ಇದು: "ಸರ್, ಇದನ್ನು ಹೇಳಲೇಬೇಕಾ? ಹೇಳಿದರೆ ಎಷ್ಟು ದಂಡ ಬೀಳ್ಬಹುದು?" ನಾನು ಕೇಳಿದೆ, "ಎಷ್ಟು ಜನರದ್ದು ಹೋಗಿದೆ?" ಅವರು ಇನ್ನೂ ಎಣಿಸಿರಲಿಲ್ಲ.

ಅವರು ಕೆಟ್ಟವರಲ್ಲ. ಮರುದಿನ ಹೋಗಿ ನೋಡಿದೆ. ಕಂಪ್ಯೂಟರಿನ ಪಾಸ್‌ವರ್ಡ್ ಹಳದಿ ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿತ್ತು. ಬ್ಯಾಕಪ್ ತೆಗೆದ ಹಾರ್ಡ್ ಡಿಸ್ಕ್ ಅದೇ ಕಂಪ್ಯೂಟರಿಗೆ ಸಿಕ್ಕಿಸಿಯೇ ಇತ್ತು. ಸುಮ್ನೆ ಉದಾಸೀನ. ಹೇಳಿ, ಇವತ್ತೇ ಹೇಳಿ ಎಂದೆ. ಆಡಳಿತ ಮಂಡಳಿ ಹೆದರಿತು. ಗ್ರಾಹಕರಿಗೆ ತಿಳಿಸಲು 19 ದಿನ ತೆಗೆದುಕೊಂಡರು. ಅಷ್ಟರಲ್ಲಿ ಒಬ್ಬಂಟಿ ಹೆಂಗಸೊಬ್ಬರಿಗೆ ಯಾರೋ ಫೋನ್ ಮಾಡಿ, ನಿಮ್ಮ ಆರು ಪವನಿನ ಸರ ಹರಾಜಿಗೆ ಬಂದಿದೆ, ಈಗಲೇ ದುಡ್ಡು ಹಾಕಿ ಎಂದರಂತೆ. ಪವನಿನ ಲೆಕ್ಕ ಸರಿ ಇದ್ದುದರಿಂದ ಅವರು ನಂಬಿದರು. ಮೊದಲ ದಿನವೇ ಒಂದು ಮೆಸೇಜ್ ಹೋಗಿದ್ದರೆ ಆ ದುಡ್ಡು ಉಳಿಯುತ್ತಿತ್ತು. ನನಗೆ ಇವತ್ತಿಗೂ ಅದು ಮನಸ್ಸಿನಿಂದ ಹೋಗಿಲ್ಲ.

ಹೇಳಿದರೂ ಸಾವು, ಮುಚ್ಚಿಟ್ಟರೂ ಸಾವು ಎಂದಾದರೆ ಮನುಷ್ಯ ಮುಚ್ಚಿಡುತ್ತಾನೆ. ಹಾಗಾಗಿ ಹೇಳುವ ದಾರಿಯಲ್ಲಿ ಬದುಕು ಇರಬೇಕು, ಮುಚ್ಚಿಡುವ ದಾರಿಯಲ್ಲಿ ಇರಬಾರದು. ಹೊಸ ನಿಯಮದಲ್ಲಿ ತಡಮಾಡದೆ ಜನರಿಗೆ ತಿಳಿಸಬೇಕು, 72 ಗಂಟೆಯೊಳಗೆ ಮಂಡಳಿಗೆ ಪೂರ್ತಿ ವಿವರ ಕೊಡಬೇಕು ಎಂದಿದೆ. ಅದು ಒಳ್ಳೆಯದು. ಆದರೆ ದಂಡದ ಪಟ್ಟಿ ನೋಡಿದರೆ ಮುಚ್ಚಿಟ್ಟದ್ದಕ್ಕೆ 200 ಕೋಟಿ, ಕಾವಲು ಸಾಲದ್ದಕ್ಕೆ 250 ಕೋಟಿ. ನನ್ನ ಕೈಗೆ ಪೆನ್ನು ಕೊಟ್ಟರೆ ಇದನ್ನು ತಿರುಗಿಸಿ ಬರೆಯುತ್ತೇನೆ.

ಮುಳುಗಿಸುವ ದಂಡದಲ್ಲಿ ಇನ್ನೊಂದು ಅಪಾಯ ಇದೆ, ಇದು ಜಾಸ್ತಿ ಜನರಿಗೆ ಹೊಳೆಯುವುದಿಲ್ಲ. ಕಂಪನಿ ಮುಳುಗಿದ ಮೇಲೆ ಅದರ ಕೈಯಲ್ಲಿದ್ದ ನಮ್ಮ ಮಾಹಿತಿ ಏನಾಗುತ್ತದೆ? ಅಮೆರಿಕದ 23ಆಂಡ್‌ಮಿ ಎಂಬ ಕಂಪನಿ ಜನರ ಎಂಜಲು ತೆಗೆದುಕೊಂಡು ವಂಶವಾಹಿ ಪರೀಕ್ಷೆ ಮಾಡುತ್ತಿತ್ತು. 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿತು. 2025ರ ಮಾರ್ಚ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಆಗ ಸಾಲ ತೀರಿಸಲು ಮಾರಾಟಕ್ಕೆ ಇಟ್ಟ ಆಸ್ತಿಯಲ್ಲಿ ದೊಡ್ಡದು ಯಾವುದು? ಅದೇ ಜನರ ವಂಶವಾಹಿ ಮಾಹಿತಿ. ಫಿನ್ಲೆಂಡಿನ ವಾಸ್ತಾಮೊ ಕಥೆ ಇನ್ನೂ ಕಠೋರ. ಅದು ಮನೋರೋಗಿಗಳಿಗೆ ಆಪ್ತ ಸಮಾಲೋಚನೆ ಕೊಡುತ್ತಿದ್ದ ಕಂಪನಿ. ಜನ ಮುಚ್ಚಿದ ಕೋಣೆಯಲ್ಲಿ ಅತ್ತುಕೊಂಡು ಹೇಳಿದ ಮಾತುಗಳ ಟಿಪ್ಪಣಿ ಕಳ್ಳರ ಕೈಗೆ ಹೋಯಿತು. 2020ರಲ್ಲಿ ಕಳ್ಳರು ಒಬ್ಬೊಬ್ಬ ರೋಗಿಗೂ ಇಮೇಲ್ ಮಾಡಿ ದುಡ್ಡು ಕೇಳಿದರು. 2021ರಲ್ಲಿ ಕಂಪನಿ ದಿವಾಳಿಯಾಯಿತು. ಆಮೇಲೆ 6,08,000 ಯೂರೋ ದಂಡವೂ ಬಿತ್ತು. ದಿವಾಳಿಯಾದವರ ಹತ್ತಿರ ಪರಿಹಾರ ಕೇಳಲು ಹೋದ ರೋಗಿಗಳಿಗೆ ಏನು ಸಿಗಬೇಕು ಮಾರಾಯ್ರೆ?

ಅದಕ್ಕೇ ದುಡ್ಡಿನ ದಂಡದ ಜೊತೆಗೆ ಬೇರೆ ಒಂದು ಅಸ್ತ್ರ ಬೇಕು. ಮಲ್ಪೆಯವರಿಗೆ, ಮಂಗಳೂರು ಬಂದರಿನವರಿಗೆ ಇದು ಗೊತ್ತಿರುವ ವಿಷಯ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟು ಕಡಲಿಗೆ ಇಳಿಯಬಾರದು. ಇಳಿದರೆ ಕಾಯ್ದೆ ಪ್ರಕಾರ ದಂಡವಂತೂ ಇದೆ, ಜೊತೆಗೆ ಒಂದು ವರ್ಷ ಕರ ವಿನಾಯಿತಿಯ ಡೀಸೆಲ್ ಕೂಡ ಇಲ್ಲ. ಬೋಟಿನವರು ನಿಜವಾಗಿ ಹೆದರುವುದು ಆ ಡೀಸೆಲ್ ನಿಲ್ಲುವುದಕ್ಕೆ. ಮಾಹಿತಿಯ ವ್ಯಾಪಾರಿಗಳಿಗೆ ಡೀಸೆಲ್ ಎಂದರೆ ನಮ್ಮ ಮಾಹಿತಿಯೇ. ಅದನ್ನು ನಿಲ್ಲಿಸಬೇಕು. 2023ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ರೈಟ್ ಏಯ್ಡ್ ಎಂಬ ಔಷಧಿ ಅಂಗಡಿಗಳ ಕಂಪನಿ ಮುಖ ಗುರುತಿಸುವ ಕ್ಯಾಮೆರಾವನ್ನು ಐದು ವರ್ಷ ಬಳಸಬಾರದು ಎಂದು ಆದೇಶ ಬಂತು. ನಮ್ಮಲ್ಲೂ ಕದ್ದು ಮಾರಿದ ಮಾಹಿತಿಯನ್ನು ಅಳಿಸಿಹಾಕಿ, ಇಷ್ಟು ವರ್ಷ ಹೊಸದಾಗಿ ಸಂಗ್ರಹಿಸಬೇಡಿ ಎಂದು ಹೇಳುವ ಆದೇಶ ಬರಬೇಕು. ರಿಸೆಪ್ಶನ್‌ನಲ್ಲಿ ಕೂತ ಹುಡುಗಿಗೆ ಸಂಬಳ ನಿಲ್ಲುವುದಿಲ್ಲ, ಮೇಲಿನವರಿಗೆ ಮಾತ್ರ ಬಿಸಿ ಮುಟ್ಟುತ್ತದೆ. ನಿಮ್ಮ ತಮ್ಮನ ಚಿಂತೆಗೆ ನನ್ನ ಉತ್ತರ ಇದು.

ಈಗ ನನಗೆ ನಿಜವಾಗಿ ಸಿಟ್ಟು ಬರಿಸುವ ವಿಷಯ. ಹೊಸ ಕಾಯ್ದೆಯಲ್ಲಿ 250 ಕೋಟಿ ವಸೂಲಾದರೂ ಅದು ಹೋಗುವುದು ಸರ್ಕಾರದ ಸಂಚಿತ ನಿಧಿಗೆ. ನಿಮ್ಮ ಅಮ್ಮನಿಗೆ ಒಂದು ರೂಪಾಯಿ ಇಲ್ಲ. ಹಳೆಯ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 43ಎ ಕಲಂನಲ್ಲಿ ನೊಂದವರು ಪರಿಹಾರ ಕೇಳಬಹುದಿತ್ತು. ಹೊಸ ಕಾಯ್ದೆ ಆ ಕಲಂ ಅನ್ನೇ ಕಿತ್ತುಹಾಕುತ್ತದೆ. ಇನ್ನೂ ಒಂದು ಇದೆ. ಸುಳ್ಳು ದೂರು ಕೊಟ್ಟರೆ ನಮ್ಮಂಥ ಸಾಮಾನ್ಯರಿಗೆ 10,000 ರೂಪಾಯಿವರೆಗೆ ದಂಡ ಅದರಲ್ಲಿ ಇದೆ. ದಂಡದ ಒಂದು ಪಾಲು ನೊಂದವರಿಗೆ ಹೋಗಲೇಬೇಕು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಬೆರಳಚ್ಚು, ಮುಖದ ಗುರುತನ್ನು ಒಪ್ಪಿಗೆ ಇಲ್ಲದೆ ತೆಗೆದುಕೊಂಡರೆ ಉದಾಸೀನಕ್ಕೆ 1,000 ಡಾಲರ್, ಬೇಕಂತಲೇ ಮಾಡಿದ್ದಕ್ಕೆ 5,000 ಡಾಲರ್‌ವರೆಗೆ ಆ ವ್ಯಕ್ತಿಯೇ ಕೋರ್ಟಿಗೆ ಹೋಗಿ ಪಡೆಯಬಹುದು. 2008ರಿಂದ ಆ ಕಾನೂನು ಇದೆ. ಒಬ್ಬರಿಗೆ ಸಣ್ಣ ಮೊತ್ತ, ಆದರೆ ಲಕ್ಷಾಂತರ ಜನ ಸೇರಿದರೆ ಕಂಪನಿಗೆ ಬೆವರು ಬರುತ್ತದೆ. ಫೇಸ್‌ಬುಕ್ ಅಲ್ಲಿ 65 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು, ಆ ದುಡ್ಡು ಜನರ ಕೈಗೆ ಹೋಯಿತು. ನನಗೆ ಮೆಚ್ಚುಗೆಯಾದ ದಾರಿ ಅದು.

ಇನ್ನು ನೀವು ಈಗ ಏನು ಮಾಡಬಹುದು ಎಂದು ಹೇಳುತ್ತೇನೆ. 43ಎ ಕಲಂ ಹೋಗುವುದು ಹೊಸ ಕಾಯ್ದೆಯ ಮುಖ್ಯ ಕಲಂಗಳು ಬಂದ ದಿನ. ಅಲ್ಲಿಯವರೆಗೆ ಅದು ಜೀವಂತ ಇದೆ. ಆರೋಗ್ಯದ ಮಾಹಿತಿ ಅದರಲ್ಲಿ ಸೂಕ್ಷ್ಮ ಮಾಹಿತಿ ಎಂದು ಲೆಕ್ಕ. 5 ಕೋಟಿ ರೂಪಾಯಿವರೆಗಿನ ಪರಿಹಾರದ ಅರ್ಜಿಯನ್ನು ರಾಜ್ಯದ ಐಟಿ ಇಲಾಖೆ ಕಾರ್ಯದರ್ಶಿ ವಿಚಾರಣೆ ಮಾಡುತ್ತಾರೆ. ಬೆಂಗಳೂರಿನವರೆಗೆ ಹೋಗುವುದು ಕಷ್ಟ ಅನಿಸಿದರೆ ಉಡುಪಿಯಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಗ್ರಾಹಕರು ನಂಬಿ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಕಾನೂನು ಒಪ್ಪದ ರೀತಿಯಲ್ಲಿ ಬೇರೆಯವರಿಗೆ ಕೊಡುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ಸ್ಪಷ್ಟವಾಗಿ ಬರೆದಿದೆ. ನೀವು ಲ್ಯಾಬಿಗೆ ಕೊಟ್ಟ ಹಣ 5 ಲಕ್ಷದೊಳಗೆ ಇದ್ದರೆ ದೂರಿಗೆ ಶುಲ್ಕ ಇಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕು ಅಂತಲೂ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು. ಯಾರಾದರೂ ಬೇಕಂತಲೇ ಮಾರಿದ್ದಾರೆ ಎನ್ನಲು ಸುಳಿವು ಸಿಕ್ಕಿದರೆ ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆಗೂ ಹೋಗಿ, ಐಟಿ ಕಾಯ್ದೆಯ 72ಎ ಕಲಂ ಪ್ರಕಾರ ಅದಕ್ಕೆ ಮೂರು ವರ್ಷದವರೆಗೆ ಜೈಲು ಇದೆ.

ಅದಕ್ಕೂ ಮೊದಲು ಲ್ಯಾಬಿಗೆ ಸ್ಪೀಡ್ ಪೋಸ್ಟಿನಲ್ಲಿ ಒಂದು ಪತ್ರ ಹಾಕಿ. ಅಮ್ಮನ ರಿಪೋರ್ಟ್ ಯಾವ ಯಾವ ಕಂಪನಿಯ ಕೈಗೆ ಹೋಯಿತು, ಯಾವ ಸಾಫ್ಟ್‌ವೇರ್ ಬಳಸುತ್ತೀರಿ, ಇನ್ನೊಂದು ಲ್ಯಾಬಿಗೆ ಕಳುಹಿಸಿದ್ದೀರಾ ಎಂದು ಮೂರೇ ಪ್ರಶ್ನೆ. 15 ದಿನದಲ್ಲಿ ಉತ್ತರ ಕೊಡಿ ಎಂದು ಬರೆಯಿರಿ. ಉತ್ತರ ಕೊಡದಿದ್ದರೂ ಆಯೋಗದ ಮುಂದೆ ಆ ಮೌನ ನಿಮ್ಮ ಪರ ಮಾತಾಡುತ್ತದೆ. ಫೋನ್ ಬಂದ ತಾರೀಕು, ಹೊತ್ತು, ನಂಬರ್, ಅವರು ಹೇಳಿದ ಮಾತು ಎಲ್ಲವನ್ನೂ ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ಮೊಬೈಲಿನ ಕಾಲ್ ಪಟ್ಟಿಯ ಫೋಟೋ ತೆಗೆದಿಡಿ, ಸ್ವಲ್ಪ ಸಮಯದ ಮೇಲೆ ಅದು ಅಳಿಸಿಹೋಗುತ್ತದೆ. ಲ್ಯಾಬಿನ ಬಿಲ್ ಹುಡುಕಿ ತೆಗೆಯಿರಿ.

ಅಮ್ಮನನ್ನು ಸರ್ಕಾರಿ ಆಸ್ಪತ್ರೆಯಲ್ಲೋ, ಮನೆ ಹತ್ತಿರದ ಗುರುತಿನ ಡಾಕ್ಟರ ಹತ್ತಿರವೋ ಕರೆದುಕೊಂಡು ಹೋಗಿ ಟೆಸ್ಟ್ ಮಾಡಿಸಿ. ರಿಪೋರ್ಟ್ ವಾಟ್ಸಾಪಿಗೆ ಬೇಡ, ಕಾಗದದಲ್ಲೇ ಕೊಡಿ, ಫೋನ್ ನಂಬರ್ ಬರೆಸುವುದಿಲ್ಲ ಎಂದು ಕೌಂಟರಿನಲ್ಲೇ ಹೇಳಿ. ಹಾಗೆ ಕೇಳಲು ನಿಮಗೆ ಹಕ್ಕಿದೆ. 9.2 ಇರುವಾಗ ಮೂರು ತಿಂಗಳಿಗೊಮ್ಮೆ ನೋಡಲೇಬೇಕು, ತಡ ಮಾಡಬೇಡಿ.